ಥಾರ್ ಎಕ್ಸ್‌ಪ್ರೆಸ್
ರಾಜಸ್ಥಾನದ ಜೋಧ್‌ಪುರ ಹಾಗೂ ಪಾಕಿಸ್ತಾನದ ಕರಾಚಿ ನಡುವೆ ವಾರಕ್ಕೊಮ್ಮೆ ಓಡುತ್ತಿದ್ದ ರೈಲು. 1965ರ ಯುದ್ಧದಲ್ಲಿ ಕಡಿದುಹೋದ ಈ ಸಂಪರ್ಕ 41 ವರ್ಷಗಳ ಬಳಿಕ, 2006ರ ಫೆಬ್ರವರಿ 18ರಂದು ಪುನರಾರಂಭಗೊಂಡಿತು. ಭಾರತದ ಕೊನೆಯ ನಿಲ್ದಾಣ ಮುನಾಬಾವ್; ಗಡಿಯಲ್ಲಿ ಗಾಡಿ ಬದಲಿಸಬೇಕಿತ್ತು.

ಸೋಢಾ ರಜಪೂತರಲ್ಲಿ ಸ್ವಕುಲದೊಳಗೆ ವಿವಾಹ ನಿಷಿದ್ಧ. ಹೀಗಾಗಿ ಸಿಂಧ್ ಪ್ರಾಂತ್ಯದಲ್ಲಿರುವ ಸೋಢಾ ಕುಟುಂಬಗಳು ಬಹುಕಾಲದಿಂದ ರಾಜಸ್ಥಾನದೊಂದಿಗೆ ಸಂಬಂಧ ಬೆಳೆಸುತ್ತ ಬಂದಿವೆ. ವಿಮಾನದ ವೆಚ್ಚ ಭರಿಸಲಾಗದವರಿಗೆ ಈ ರೈಲೇ ತವರಿನ ದಾರಿಯಾಗಿತ್ತು. ಟಿಕೆಟ್ ಅಗ್ಗವಾದರೂ ಸಿಂಧ್‌ನವರಿಗೆ ವೀಸಾ ದೂರದ ಇಸ್ಲಾಮಾಬಾದಿನಿಂದಲೇ ಬರಬೇಕಿತ್ತೆಂಬುದು ಬೇರೆ ಮಾತು.

ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾದ ಬೆನ್ನಲ್ಲೇ, 2019ರ ಆಗಸ್ಟ್‌ನಲ್ಲಿ, ಪಾಕಿಸ್ತಾನ ರೈಲನ್ನು ನಿಲ್ಲಿಸಿತು. ಬಳಿಕ ಉಳಿದದ್ದು ಪಂಜಾಬಿನ ಅಟ್ಟಾರಿಯ ಸುತ್ತುದಾರಿ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನೂ ಮುಚ್ಚಿದಾಗ, ಸಿಂಧ್‌ನಲ್ಲಿ ಮದುವೆಗೆಂದು ಬಾರ್ಮೇರ್‌ನಿಂದ ಹೊರಟಿದ್ದ ವರನೊಬ್ಬ ಗಡಿಯಿಂದಲೇ ಹಿಂದಿರುಗಬೇಕಾಯಿತು.