ಎರಡು ತಟ್ಟೆಗಳ ಕದನ

ಸಿನಿಮಾವನ್ನು ಮನೆಯ ಪಡಸಾಲೆಯಲ್ಲೇ ಕುಳಿತು ನೋಡುವ ಅಭ್ಯಾಸಕ್ಕೆ ಈಗ ಸುಮಾರು ಅರ್ಧ ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಒಂದು ವ್ಯಾಜ್ಯ ಮತ್ತೆ ಮತ್ತೆ ತಲೆಯೆತ್ತುತ್ತದೆ. ಇಬ್ಬರು ತಯಾರಕರು ಎರಡು ಪದ್ಧತಿಗಳನ್ನು ಹಿಡಿದು ಪೇಟೆಗೆ ಬರುತ್ತಾರೆ. ಒಬ್ಬನ ಯಂತ್ರಕ್ಕೆಂದು ಮುದ್ರಿಸಿದ ಚಿತ್ರ ಇನ್ನೊಬ್ಬನ ಯಂತ್ರದಲ್ಲಿ ಓಡುವುದಿಲ್ಲ. 1975ರಲ್ಲಿ ಜಪಾನಿನ ಸೋನಿ ಕಂಪನಿ ಬೀಟಾಮ್ಯಾಕ್ಸ್ ಎಂಬ ಟೇಪನ್ನು ಹೊರತಂದಿತು. ಮರುವರ್ಷವೇ ಜೆ.ವಿ.ಸಿ. ಕಂಪನಿಯವರು ವಿ.ಎಚ್.ಎಸ್. ಎಂಬುದನ್ನು ಎದುರಿಗಿಟ್ಟರು. ಹನ್ನೆರಡು ವರ್ಷ ಹೆಣಗಿದ ಮೇಲೆ ಸೋನಿ ಕೈಚೆಲ್ಲಿತು. 1988ರಲ್ಲಿ ತಾನೇ ವಿ.ಎಚ್.ಎಸ್. ಯಂತ್ರಗಳನ್ನು ಮಾರತೊಡಗಿತು. ನಮ್ಮ ಊರುಗಳ ವಿಡಿಯೋ ಅಂಗಡಿಗಳಲ್ಲಿ ದಿನಬಾಡಿಗೆಗೆ ಸಿಗುತ್ತಿದ್ದ ಆ ದಪ್ಪನೆಯ ಕಪ್ಪು ಕ್ಯಾಸೆಟ್ಟುಗಳು ಗೆದ್ದ ಪಕ್ಷದವು.

ನಾನು ಈ ಹೊತ್ತು ಹೇಳಹೊರಟಿರುವುದು ಅದೇ ಬಗೆಯ ಇನ್ನೊಂದು ಕದನದ ಸಂಗತಿ. 2006ರಿಂದ 2008ರ ವರೆಗೆ, ಎರಡೇ ವರ್ಷ ನಡೆದ ಕದನ ಅದು. ಅತಿಸ್ಪಷ್ಟ ಚಿತ್ರಗಳನ್ನು ಹೊರುವ ತಟ್ಟೆಗಳಿಗಾಗಿ ಆದ ಈ ಜಗಳದ ತೀರ್ಪು ಬಹುಮಟ್ಟಿಗೆ ಹುಡುಗರು ಆಡುವ ವಿಡಿಯೋ ಆಟದ ಪೆಟ್ಟಿಗೆಯಿಂದ ಬಂತೆಂಬುದು ಇದರ ವಿಶೇಷ. ಆ ಪೆಟ್ಟಿಗೆ ತನ್ನ ಒಡೆಯನಿಗೆ ಗೆಲುವನ್ನು ತಂದುಕೊಟ್ಟಿತು, ನಿಜ. ಆದರೆ ಏನನ್ನು ತೆತ್ತು ತಂದಿತು ಎನ್ನುವುದು ನನ್ನ ಪ್ರಶ್ನೆ.

ಮೊದಲು ಬೆಳಕಿನ ಮಾತು. ಸಿ.ಡಿ., ಡಿ.ವಿ.ಡಿ. ಮೊದಲಾದವೆಲ್ಲ ಮೂಲತಃ ಒಂದೇ ಜಾತಿಯ ತಟ್ಟೆಗಳು. ಮೇಲ್ಮೈಯಡಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಸುರುಳಿಯಾಗಿ ಕೊರೆದಿರುತ್ತಾರೆ. ಲೇಸರ್ ಕಿರಣವೊಂದು ಅವನ್ನು ಸವರುತ್ತ ಓದುತ್ತದೆ. ತಾಳೆಗರಿಯ ಮೇಲೆ ಬರೆಯುವವನ ಕಂಠದ ಮೊನೆ ಸಣ್ಣದಾದಷ್ಟೂ ಒಂದೇ ಗರಿಯಲ್ಲಿ ಹೆಚ್ಚು ಸಾಲುಗಳು ಹಿಡಿಯುತ್ತವಷ್ಟೆ, ಇಲ್ಲಿಯೂ ಹಾಗೆಯೇ. ಬೆಳಕಿನ ಅಲೆಯ ಉದ್ದ ಕಡಿಮೆಯಾದಷ್ಟೂ ಗುಳಿ ಸಣ್ಣದಾಗಬಹುದು. ಸಿ.ಡಿ.ಯನ್ನು ಓದುವ ಕಿರಣದ ಅಲೆಯುದ್ದ 780 ನ್ಯಾನೋಮೀಟರು, ಡಿ.ವಿ.ಡಿ.ಯ ಕೆಂಪು ಕಿರಣದ್ದು 650. ಅದಕ್ಕಿಂತ ಕೆಳಗಿಳಿಯಬೇಕಾದರೆ ನೀಲಿಯ ಕಡೆಗೆ ಹೋಗಬೇಕು. ನೀಲಿ ಬೆಳಕನ್ನು ಪುಟ್ಟ ಹರಳಿನಿಂದ ಹೊರಡಿಸುವ ವಿದ್ಯೆಯೋ ದಶಕಗಳ ಕಾಲ ಯಾರ ಕೈಗೂ ಸಿಕ್ಕಿರಲಿಲ್ಲ. ಜಪಾನಿನ ಶಿಕೊಕು ದ್ವೀಪದ ತೊಕುಶಿಮಾ ಪ್ರಾಂತದಲ್ಲಿ ನಿಚಿಯಾ ಎಂಬ, ಹೊರಲೋಕ ಅಷ್ಟಾಗಿ ಕೇಳದಿದ್ದ ಕಂಪನಿಯೊಂದಿತ್ತು. ಅಲ್ಲಿ ದುಡಿಯುತ್ತಿದ್ದ ಶೂಜಿ ನಾಕಾಮುರಾ 1993ರಲ್ಲಿ ಪ್ರಖರವಾದ ನೀಲಿ ದೀಪದ ಹರಳನ್ನು ಸಾಧಿಸಿದರು. ಕೆಲವೇ ವರ್ಷಗಳಲ್ಲಿ ನೀಲಿನೇರಳೆ ಲೇಸರ್ ಕೂಡ ಕೈಗೂಡಿತು. ನೀಲಿ ದೀಪದ ಆ ಕೆಲಸಕ್ಕಾಗಿ ಅವರಿಗೂ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಅವರಿಗೂ 2014ರಲ್ಲಿ ನೊಬೆಲ್ ಬಹುಮಾನ ಬಂತು. 405 ನ್ಯಾನೋಮೀಟರಿನ ಈ ಹೊಸ ಕಿರಣ ಇಲ್ಲದಿದ್ದರೆ ನಮ್ಮ ಕಥೆಗೆ ಆರಂಭವೇ ಇರುತ್ತಿರಲಿಲ್ಲ.

ಕಿರಣ ಒಂದೇ ಆದರೂ ಅದನ್ನು ಬಳಸುವ ರೀತಿ ಎರಡಾಯಿತು. 2002ರ ಫೆಬ್ರವರಿಯಲ್ಲಿ ಸೋನಿ, ಮತ್ಸುಶಿತ, ಫಿಲಿಪ್ಸ್ ಮೊದಲಾದ ಒಂಬತ್ತು ಕಂಪನಿಗಳು ಕೂಡಿ ಬ್ಲೂ-ರೇ ಎಂಬ ತಟ್ಟೆಯನ್ನು ಸಾರಿದವು. ಅದೇ ವರ್ಷ ತೋಷಿಬಾ ಮತ್ತು ಎನ್.ಇ.ಸಿ. ಕಂಪನಿಗಳು ಇನ್ನೊಂದನ್ನು ಮುಂದಿಟ್ಟವು, ಅದಕ್ಕೆ ಎಚ್.ಡಿ. ಡಿ.ವಿ.ಡಿ. ಎಂಬ ಹೆಸರಾಯಿತು. ತೋಷಿಬಾದ ತಟ್ಟೆಯಲ್ಲಿ ಬರಹದ ಪದರ ಡಿ.ವಿ.ಡಿ.ಯಲ್ಲಿದ್ದಂತೆಯೇ 0.6 ಮಿಲಿಮೀಟರು ಒಳಗಿತ್ತು. ಹಳೆಯ ಕಾರ್ಖಾನೆಗಳನ್ನೇ ಅಷ್ಟಿಷ್ಟು ತಿದ್ದಿದರೆ ತಟ್ಟೆಗಳನ್ನು ಅಚ್ಚೊತ್ತಬಹುದಾಗಿತ್ತು, ಖರ್ಚು ಕಡಿಮೆ. ಸೋನಿಯವರು ಪದರವನ್ನು ಮೇಲ್ಮೈಗೆ ತೀರ ಹತ್ತಿರ, 0.1 ಮಿಲಿಮೀಟರಿನಷ್ಟೇ ಆಳದಲ್ಲಿ ಇಟ್ಟರು. ಆದ್ದರಿಂದ ಒಂದು ಪದರದಲ್ಲಿ 25 ಗಿಗಾಬೈಟು ಹಿಡಿಯಿತು. ಎದುರಾಳಿಯದರಲ್ಲಿ ಹಿಡಿದದ್ದು 15. ಆದರೆ ಇದಕ್ಕೆ ಹೊಸ ಯಂತ್ರಗಳು ಬೇಕು, ಸಾಲದ್ದಕ್ಕೆ ಬರಹ ಮೇಲೆಯೇ ಇರುವುದರಿಂದ ಸ್ವಲ್ಪ ಗೀರಿದರೂ ಚಿತ್ರ ಕೆಡುವ ಭಯ. ಮೊದಮೊದಲು ಈ ತಟ್ಟೆಯನ್ನು ಒಂದು ಗೂಡಿನೊಳಗಿಟ್ಟೇ ಮಾರಬೇಕಾಗಿತ್ತು. ಟಿ.ಡಿ.ಕೆ. ಕಂಪನಿ ಗಟ್ಟಿ ಲೇಪವೊಂದನ್ನು ಕಂಡುಹಿಡಿದ ಮೇಲೆ ಗೂಡು ತಪ್ಪಿತು.

ಇಬ್ಬರೂ ಕುಳಿತು ಒಂದೇ ತಟ್ಟೆಯನ್ನು ಒಪ್ಪಿಕೊಳ್ಳಬಾರದಿತ್ತೆ ಎಂದು ತಾವು ಕೇಳಬಹುದು. ಡಿ.ವಿ.ಡಿ.ಯ ಕಾಲದಲ್ಲಿ, 1995ರಲ್ಲಿ, ಹಾಗೆ ಆಗಿತ್ತು. ಗಣಕಯಂತ್ರದ ದೊಡ್ಡ ಕಂಪನಿಗಳು ಗದರಿಸಿದ್ದರಿಂದ ಎರಡು ಬಣಗಳು ಕೂಡಿದ್ದವು. 2005ರಲ್ಲೂ ಮಾತುಕತೆ ನಡೆಯಿತು, ಮುರಿದುಬಿತ್ತು. ತಾಂತ್ರಿಕ ಕಾರಣಗಳನ್ನು ಇಬ್ಬರೂ ಧಾರಾಳವಾಗಿ ಹೇಳಿದರು. ನನಗೆ ತೋರುವಂತೆ ಅದರ ಕೆಳಗೆ ರಾಯಧನದ ಪ್ರಶ್ನೆ ಇತ್ತು. ಡಿ.ವಿ.ಡಿ.ಯ ಪೇಟೆಂಟುಗಳಲ್ಲಿ ತೋಷಿಬಾಕ್ಕೆ ದೊಡ್ಡ ಪಾಲಿತ್ತು. ಆ ಪಾಲನ್ನು ಮುಂದಿನ ತಲೆಮಾರಿಗೂ ಒಯ್ಯಬೇಕೆಂಬುದು ಅದರ ಆಸೆ. ಸೋನಿಗೆ ಬೀಟಾಮ್ಯಾಕ್ಸಿನ ಗಾಯ ಮಾಗಿರಲಿಲ್ಲ.

ಈಗ ಆಟದ ಪೆಟ್ಟಿಗೆಯ ಪ್ರವೇಶ. 2000ದ ಮಾರ್ಚಿಯಲ್ಲಿ ಸೋನಿ ಜಪಾನಿನಲ್ಲಿ ಪ್ಲೇಸ್ಟೇಷನ್ 2 ಎಂಬ ಯಂತ್ರವನ್ನು 39,800 ಯೆನ್‌ಗೆ ಮಾರಲು ತೊಡಗಿತ್ತು. ಅದರಲ್ಲಿ ಆಟವನ್ನೂ ಆಡಬಹುದು, ಡಿ.ವಿ.ಡಿ.ಯನ್ನೂ ನೋಡಬಹುದು. ಆರಂಭದಲ್ಲಿ ಒಳ್ಳೆಯ ಆಟಗಳೇ ಕಡಿಮೆಯಿದ್ದವು. ಕೊಂಡವರು ಸಿನಿಮಾ ನೋಡಿ ತೃಪ್ತಿಪಟ್ಟರು. ಡಿ.ವಿ.ಡಿ. ಮನೆಮನೆಗೆ ನುಗ್ಗುವುದಕ್ಕೆ ಈ ಯಂತ್ರ ದೊಡ್ಡ ಬಾಗಿಲಾಯಿತು. ಒಟ್ಟು ಹದಿನೈದು ಕೋಟಿಗೂ ಮೀರಿ ಮಾರಾಟವಾದ ಪೆಟ್ಟಿಗೆ ಅದು. ಇದನ್ನು ಕಂಡ ಸೋನಿಯವರು, ಒಮ್ಮೆ ಫಲ ಕೊಟ್ಟ ಉಪಾಯವನ್ನೇ ಮತ್ತೆ ಹೂಡೋಣವೆಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಬರಲಿರುವ ಪ್ಲೇಸ್ಟೇಷನ್ 3ರ ಹೊಟ್ಟೆಯಲ್ಲಿ ಬ್ಲೂ-ರೇ ಇರತಕ್ಕದ್ದೆಂದು ತೀರ್ಮಾನವಾಯಿತು.

ವ್ಯತ್ಯಾಸವೇನೆಂದರೆ 2000ದಲ್ಲಿ ಡಿ.ವಿ.ಡಿ. ಆಗಲೇ ಪೇಟೆಯಲ್ಲಿ ಮೂರು ವರ್ಷ ಕಂಡಿತ್ತು, ಬೆಲೆ ಇಳಿಯುತ್ತಿತ್ತು. ಬ್ಲೂ-ರೇ ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ನಕಲು ತಡೆಯುವ ನಿಯಮಗಳು ಸಿದ್ಧವಾಗಲಿಲ್ಲವೆಂದು 2006ರ ವಸಂತದಲ್ಲಿ ಬರಬೇಕಿದ್ದ ಯಂತ್ರ ನವೆಂಬರಿಗೆ ಹೋಯಿತು. ನೀಲಿ ಲೇಸರಿನ ಹರಳುಗಳು ಸಾಕಷ್ಟು ದೊರೆಯದೆ ಯೂರೋಪಿನವರು 2007ರ ಮಾರ್ಚಿಯ ವರೆಗೆ ಕಾಯಬೇಕಾಯಿತು. ಮೊದಲ ದಿನಗಳಿಗೆಂದು ಸೋನಿ ಗೊತ್ತುಮಾಡಿದ್ದು ಜಪಾನಿಗೆ ಒಂದು ಲಕ್ಷ, ಉತ್ತರ ಅಮೆರಿಕಕ್ಕೆ ನಾಲ್ಕು ಲಕ್ಷ ಯಂತ್ರಗಳು ಮಾತ್ರ. ಅಮೆರಿಕದಲ್ಲಿ ಬೆಲೆ 499 ಮತ್ತು 599 ಡಾಲರು. ಪ್ಲೇಸ್ಟೇಷನ್ನಿನ ಜನಕರೆನಿಸಿದ ಕೆನ್ ಕುತರಾಗಿಯವರು, ಜನ ಇನ್ನೂ ಕೆಲವು ಗಂಟೆ ಹೆಚ್ಚು ದುಡಿದಾದರೂ ಇದನ್ನು ಕೊಳ್ಳಬೇಕೆನ್ನುವಂತಾಗಬೇಕು ಎಂಬ ಅರ್ಥದ ಮಾತನ್ನಾಡಿ ನಗೆಗೂ ಟೀಕೆಗೂ ಗುರಿಯಾದರು. ಆ ಬೆಲೆಗೂ ಯಂತ್ರದ ಖರ್ಚು ಹುಟ್ಟುತ್ತಿರಲಿಲ್ಲ. ಬಿಚ್ಚಿ ಲೆಕ್ಕ ಹಾಕಿದ ಪರೀಕ್ಷಕರು ಒಂದೊಂದರ ತಯಾರಿಗೆ ಎಂಟುನೂರು ಡಾಲರಿಗೂ ಹೆಚ್ಚು ತಗಲುತ್ತದೆಂದು ಅಂದಾಜಿಸಿದರು. ಎಂದರೆ ಮಾರಿದಷ್ಟೂ ನಷ್ಟ.

ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ಒಂದು ವರ್ಷ ಮೊದಲೇ, 2005ರ ನವೆಂಬರಿನಲ್ಲಿ, ಎಕ್ಸ್‌ಬಾಕ್ಸ್ 360 ಎಂಬ ತನ್ನ ಪೆಟ್ಟಿಗೆಯನ್ನು ಹೊರತಂದಿತ್ತು. ಅದರೊಳಗಿದ್ದದ್ದು ಸಾಧಾರಣ ಡಿ.ವಿ.ಡಿ. ಎಚ್.ಡಿ. ಡಿ.ವಿ.ಡಿ. ನೋಡಬೇಕೆನ್ನುವವರಿಗೆ ಪಕ್ಕದಲ್ಲಿ ಜೋಡಿಸಿಕೊಳ್ಳುವ ಇನ್ನೊಂದು ಪೆಟ್ಟಿಗೆಯನ್ನು 2006ರ ಕೊನೆಯಲ್ಲಿ 199 ಡಾಲರಿಗೆ ಕೊಟ್ಟಿತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ನೀತಿ. ತೋಷಿಬಾದ ಪಕ್ಷದಲ್ಲಿ ನಿಂತಿದ್ದರೂ ಮೈಕ್ರೋಸಾಫ್ಟಿನ ಮನಸ್ಸು ತಟ್ಟೆಯಲ್ಲಿರಲಿಲ್ಲ. ಇವುಗಳ ನಂತರ ಇನ್ನು ತಟ್ಟೆಯೆಂಬುದೇ ಇರಲಾರದೆಂದು ಬಿಲ್ ಗೇಟ್ಸ್ 2005ರಲ್ಲೇ ಹೇಳಿದ್ದರು. ಆಟಗಾರರಿಗೆ ಮಾತ್ರ ಇದರ ತೊಂದರೆ ತಟ್ಟಿತು: 2010ರಲ್ಲಿ ಫೈನಲ್ ಫ್ಯಾಂಟಸಿ 13 ಎಂಬ ಜಪಾನೀ ಆಟ ಸೋನಿಯ ಯಂತ್ರಕ್ಕೆ ಒಂದು ತಟ್ಟೆಯಲ್ಲಿ ಬಂತು, ಎಕ್ಸ್‌ಬಾಕ್ಸಿಗೆ ಮೂರರಲ್ಲಿ. ಮೂರನೆಯ ಸ್ಪರ್ಧಿ ನಿಂಟೆಂಡೊ ಈ ಗೊಂದಲದ ಹತ್ತಿರಕ್ಕೂ ಸುಳಿಯಲಿಲ್ಲ. ಅದರ ವೀ ಎಂಬ ಯಂತ್ರದಲ್ಲಿ ಸಿನಿಮಾ ನೋಡುವ ಸೌಕರ್ಯವೇ ಇರಲಿಲ್ಲ. ಬೆಲೆ 250 ಡಾಲರು. ಮಾರಾಟವಾದದ್ದು ಹತ್ತು ಕೋಟಿಗೂ ಹೆಚ್ಚು.

ಅಂಗಡಿಗಳಲ್ಲಿ ಕದನ ಬಿರುಸಾಯಿತು. 2006ರ ಏಪ್ರಿಲಿನಲ್ಲಿ ಅಮೆರಿಕಕ್ಕೆ ಬಂದ ತೋಷಿಬಾದ ಯಂತ್ರಕ್ಕೆ 499 ಡಾಲರು. ಜೂನಿನಲ್ಲಿ ಬಂದ ಸ್ಯಾಮ್‌ಸಂಗ್‌ನ ಬ್ಲೂ-ರೇ ಯಂತ್ರಕ್ಕೆ ಅದರ ಎರಡರಷ್ಟು. ಚಿತ್ರಸಂಸ್ಥೆಗಳೂ ಹೋಳಾದವು. ಯೂನಿವರ್ಸಲ್ ತೋಷಿಬಾದ ಕಡೆ. ಡಿಸ್ನಿ, ಫಾಕ್ಸ್, ಸೋನಿಯದೇ ಆದ ಕೊಲಂಬಿಯ ಇನ್ನೊಂದು ಕಡೆ. ವಾರ್ನರ್ ಎರಡು ದೋಣಿಗಳಲ್ಲೂ ಕಾಲಿಟ್ಟಿತ್ತು. ಒಂದು ಮಗ್ಗುಲಲ್ಲಿ ಒಂದು ಪದ್ಧತಿ, ಇನ್ನೊಂದು ಮಗ್ಗುಲಲ್ಲಿ ಇನ್ನೊಂದು ಇರುವ ತಟ್ಟೆಯನ್ನೇ ಮಾಡುತ್ತೇನೆಂದು ಸಾರಿ ಕೈಬಿಟ್ಟಿತು. 2007ರ ಆಗಸ್ಟಿನಲ್ಲಿ ಪ್ಯಾರಾಮೌಂಟ್ ಹಠಾತ್ತನೆ ತೋಷಿಬಾದ ಪಕ್ಷ ಸೇರಿತು. ಇದರ ಹಿಂದೆ ಭಾರಿ ಹಣ ಕೈಬದಲಾಯಿಸಿತೆಂದು ಪತ್ರಿಕೆಗಳು ಬರೆದವು. ನವೆಂಬರಿನಲ್ಲಿ ವಾಲ್‌ಮಾರ್ಟ್ ಅಂಗಡಿಗಳು ತೋಷಿಬಾದ ಯಂತ್ರವನ್ನು ನೂರು ಡಾಲರಿಗೂ ಕಡಿಮೆಗೆ ಮಾರಿದವು.

ಆದರೂ ತಟ್ಟೆಗಳ ಲೆಕ್ಕ ಬೇರೆಯೇ ಹೇಳುತ್ತಿತ್ತು. 2007ರಲ್ಲಿ ಅಮೆರಿಕದಲ್ಲಿ ಎಚ್.ಡಿ. ಡಿ.ವಿ.ಡಿ. ಒಂದು ಮಾರಿದರೆ ಬ್ಲೂ-ರೇ ಹತ್ತಿರ ಹತ್ತಿರ ಎರಡು ಮಾರುತ್ತಿತ್ತು. ಬಿಡಿ ಬ್ಲೂ-ರೇ ಯಂತ್ರಗಳು ದುಬಾರಿಯಾದ್ದರಿಂದ ಅಷ್ಟಾಗಿ ಹೋಗುತ್ತಿರಲಿಲ್ಲ. ತಟ್ಟೆಗಳನ್ನು ಕೊಳ್ಳುತ್ತಿದ್ದವರು ಪ್ಲೇಸ್ಟೇಷನ್ 3 ಇದ್ದವರು. ಆ ವರ್ಷದ ಕೊನೆಯ ಹೊತ್ತಿಗೆ ಲೋಕದಾದ್ಯಂತ ಒಂದು ಕೋಟಿಯಷ್ಟು ಪ್ಲೇಸ್ಟೇಷನ್‌ಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. ಅವರೆಲ್ಲರೂ ಸಿನಿಮಾ ಕೊಳ್ಳುವವರಲ್ಲ. ಆದರೆ ಹತ್ತು ಮಂದಿಯಲ್ಲಿ ಒಬ್ಬಿಬ್ಬರು ಕೊಂಡರೂ ಸಾಕಾಗಿತ್ತು. ಎದುರು ಪಕ್ಷದ ಯಂತ್ರಗಳ ಸಂಖ್ಯೆ ಲಕ್ಷಗಳಲ್ಲೇ ನಿಂತಿತ್ತು.

2008ರ ಜನವರಿ 4ರಂದು ವಾರ್ನರ್ ಸಂಸ್ಥೆ ಇನ್ನು ತನ್ನ ಚಿತ್ರಗಳು ಬ್ಲೂ-ರೇಯಲ್ಲಿ ಮಾತ್ರ ಎಂದು ಘೋಷಿಸಿತು. ಲಾಸ್ ವೇಗಸಿನ ದೊಡ್ಡ ವಸ್ತುಪ್ರದರ್ಶನಕ್ಕೆ ಇನ್ನು ಮೂರು ದಿನವಿತ್ತು. ಎಚ್.ಡಿ. ಡಿ.ವಿ.ಡಿ.ಯ ಬಣದವರು ಅಲ್ಲಿ ಕರೆದಿದ್ದ ಪತ್ರಿಕಾಗೋಷ್ಠಿಯನ್ನು ರದ್ದುಮಾಡಿದರು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದೇ ವಾರದಲ್ಲಿ ಕೈಬಿಟ್ಟವು. 19ನೆಯ ತಾರೀಖು ತೋಷಿಬಾದ ಅಧ್ಯಕ್ಷ ಅತ್ಸುತೋಶಿ ನಿಶಿದಾ ಟೋಕಿಯೋದಲ್ಲಿ ಸೋಲನ್ನು ಒಪ್ಪಿಕೊಂಡರು. ಈ ಸುದ್ದಿಯ ಸುಳಿವಿಗೇ ತೋಷಿಬಾದ ಷೇರಿನ ಬೆಲೆ ಏರಿತ್ತೆಂಬುದು ಗಮನಿಸತಕ್ಕ ಮಾತು. ಪೇಟೆ ಅದನ್ನು ಸೋಲೆಂದಲ್ಲ, ಬಿಡುಗಡೆಯೆಂದು ಎಣಿಸಿತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆನ್ನುವಂತೆ, ಸೋತ ಯಂತ್ರವನ್ನು ಕೊಂಡಿದ್ದ ಮನೆಗಳು ಉಳಿದವು. ಬೆಸ್ಟ್ ಬೈ ಅಂಗಡಿಯವರು ತಮ್ಮಲ್ಲಿ ಕೊಂಡವರಿಗೆ 50 ಡಾಲರಿನ ಉಡುಗೊರೆ ಚೀಟಿ ಕಳುಹಿಸಿ ಸಮಾಧಾನ ಮಾಡಿದರು.

ಹಾಗಾದರೆ ಸೋನಿ ಗೆದ್ದಿತೆ? ಆಟದ ವಿಭಾಗದಲ್ಲಿ ಅದಕ್ಕೆ 2007ರ ಮಾರ್ಚಿಗೆ ಕೊನೆಗೊಂಡ ಒಂದೇ ವರ್ಷದಲ್ಲಿ ಸುಮಾರು 23,200 ಕೋಟಿ ಯೆನ್ ನಷ್ಟವಾಯಿತು. ಪ್ಲೇಸ್ಟೇಷನ್ 2 ಹದಿನೈದು ಕೋಟಿ ಮೀರಿದ್ದರೆ ಪ್ಲೇಸ್ಟೇಷನ್ 3 ತನ್ನ ಜೀವಮಾನದಲ್ಲಿ ಒಂಬತ್ತು ಕೋಟಿಯನ್ನು ಮುಟ್ಟಲಿಲ್ಲ. ಹಿಂದಿನ ಸುತ್ತಿನಲ್ಲಿ ಎರಡೂವರೆ ಕೋಟಿಯನ್ನೂ ಕಾಣದಿದ್ದ ಮೈಕ್ರೋಸಾಫ್ಟ್ ಈ ಸುತ್ತಿನಲ್ಲಿ ಎಂಟು ಕೋಟಿ ದಾಟಿ ಸರಿಸಮಾನವಾಗಿ ನಿಂತಿತು. ಯಂತ್ರದ ಬೆಲೆ ಏರಿದ್ದಕ್ಕೆ ಬ್ಲೂ-ರೇ ಒಂದೇ ಕಾರಣವಲ್ಲ, ಅದರ ವಿಲಕ್ಷಣವಾದ ಸೆಲ್ ಎಂಬ ಮಿದುಳೂ ಕಾರಣ. ಆದರೂ ಸಿನಿಮಾದ ಗಾಡಿಯನ್ನು ಎಳೆಯಲು ಸೋನಿ ತನ್ನ ಓಟದ ಕುದುರೆಯನ್ನೇ ಕಟ್ಟಿತು. ಗಾಡಿ ಊರು ಸೇರಿತು, ಕುದುರೆ ಪಂದ್ಯದಲ್ಲಿ ಹಿಂದೆ ಬಿತ್ತು ಎಂದೇ ನನ್ನ ಅಭಿಪ್ರಾಯ.

ಮುಂದಿನದು ಚುಟುಕಾಗಿ. 2009ರಲ್ಲಿ ತೋಷಿಬಾ ತಾನೇ ಬ್ಲೂ-ರೇ ಕೂಟವನ್ನು ಸೇರಿತು. 2013ರ ಎಕ್ಸ್‌ಬಾಕ್ಸ್ ಒನ್ ಯಂತ್ರದಲ್ಲಿ ಮೈಕ್ರೋಸಾಫ್ಟ್ ಕೂಡ ಬ್ಲೂ-ರೇಯನ್ನೇ ಇಟ್ಟಿತು. ಆ ವೇಳೆಗೆ ಗೆದ್ದ ತಟ್ಟೆಗೆ ಮೊದಲಿನ ಮಹತ್ವ ಉಳಿದಿರಲಿಲ್ಲ. ಅಂಚೆಯಲ್ಲಿ ಡಿ.ವಿ.ಡಿ. ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್, ತಂತಿಯ ಮೂಲಕವೇ ಚಿತ್ರವನ್ನು ಹರಿಸುವ ಏರ್ಪಾಟನ್ನು 2007ರ ಜನವರಿಯಲ್ಲೇ, ಕದನ ನಡೆಯುತ್ತಿದ್ದಾಗಲೇ, ಶುರುಮಾಡಿತ್ತು. ಅದು 2008ರ ನವೆಂಬರಿನಲ್ಲಿ ಸೋತ ಪಕ್ಷದ ಎಕ್ಸ್‌ಬಾಕ್ಸಿಗೆ ಬಂತು. ಪ್ಲೇಸ್ಟೇಷನ್ 3ಕ್ಕೆ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ಬಂದಾಗಲೂ ಒಂದು ಕಟ್ಟಳೆ ಇತ್ತು. ತಂತಿಯಲ್ಲಿ ಬರುವ ಆ ಚಿತ್ರಗಳನ್ನು ನೋಡಬೇಕಾದರೆ ನೆಟ್‌ಫ್ಲಿಕ್ಸಿನಿಂದ ಅಂಚೆಯಲ್ಲಿ ಒಂದು ಬ್ಲೂ-ರೇ ತಟ್ಟೆಯನ್ನು ತರಿಸಿಕೊಳ್ಳಬೇಕು. ಅದನ್ನು ಯಂತ್ರದೊಳಗೆ ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ತಟ್ಟೆಯಲ್ಲಿ ಸಿನಿಮಾ ಇರಲಿಲ್ಲ. ಅದು ಬರಿಯ ಬೀಗದ ಕೈ. 2010ರ ಅಕ್ಟೋಬರಿನಲ್ಲಿ ಆ ಬೀಗದ ಕೈಯೂ ಬೇಡವಾಯಿತು.