ಪದ ಪರಿಚಯ: ಸ್ಕ್ರಿಪ್ಟ್

ಬರೆಯುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದ 'ಸ್ಕ್ರೀಬೆರೆ'. ಅದರಿಂದ 'ಸ್ಕ್ರಿಪ್ಟಮ್', ಅಂದರೆ ಬರೆದದ್ದು. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ಈ ಪದಕ್ಕೆ ಈಗ ಮೂರು ಅರ್ಥ: ಲಿಪಿ, ನಾಟಕ-ಸಿನಿಮಾದ ಬರಹ, ಕಂಪ್ಯೂಟರಿನ ಆದೇಶಪಟ್ಟಿ.

ಎರಡನೆಯ ಅರ್ಥಕ್ಕೂ ಗುಬ್ಬಿ ಎಂಬ ಊರಿಗೂ ಹಳೆಯ ನಂಟು. ಮುಂದೆ ರಂಗನಟ ವೀರಣ್ಣನವರ ಹೆಸರಿನಿಂದ ಪ್ರಸಿದ್ಧವಾದ ನಾಟಕ ಕಂಪನಿ ಅಲ್ಲಿ ಹುಟ್ಟಿದ್ದು 1884ರಲ್ಲಿ. ಯಾವ ಮಾತಿಗೆ ಯಾರ ಪ್ರವೇಶ ಎಂಬುದು ನಾಟಕದ ಸ್ಕ್ರಿಪ್ಟಿನಲ್ಲಿರುತ್ತದೆ. ಮೂರನೆಯ ಅರ್ಥದ ಸ್ಕ್ರಿಪ್ಟಿಗೂ ಹೀಗೆ ಪ್ರವೇಶದ ಸೂಚನೆ ಸಿಗಬಹುದು: ಕಂಪ್ಯೂಟರಿನಲ್ಲಿ ಡಿಸ್ಕ್ ಒಳಬಂದದ್ದೇ ಸೂಚನೆ. ಲಿನಕ್ಸಿನಲ್ಲಿ ವ್ಯವಸ್ಥೆಯ ತಿರುಳಾದ ಕರ್ನಲ್ ಆ ಸುದ್ದಿ ಮುಟ್ಟಿಸುತ್ತದೆ. ಸಾಧನಗಳನ್ನು ನೋಡಿಕೊಳ್ಳುವ 'ಯೂಡೆವ್' ತನ್ನ ನಿಯಮಗಳಿಗೆ ತಾಳೆ ನೋಡಿ ಸ್ಕ್ರಿಪ್ಟನ್ನು ಎಬ್ಬಿಸುತ್ತದೆ. ಸ್ಕ್ರಿಪ್ಟ್ ಡಿಸ್ಕಿನ ಗುರುತು ಪರೀಕ್ಷಿಸಿ ಕಡತಗಳನ್ನು ನಕಲಿಸುತ್ತದೆ. ಆದರೆ ವಿಂಡೋಸ್ 95ರೊಂದಿಗೆ ಬಂದ 'ಆಟೋರನ್' ಡಿಸ್ಕಿನೊಳಗೇ ಬರೆದಿದ್ದ ಆದೇಶವನ್ನು ನಂಬುತ್ತಿತ್ತು. ಮುಂದೆ ಪೆನ್‌ಡ್ರೈವ್ ವೈರಸ್‌ಗಳಿಗೆ ಅದೇ ಹೆಬ್ಬಾಗಿಲಾಯಿತು.

ಬಳಕೆ: "ತುಮಕೂರಿನ ಸ್ಟುಡಿಯೊದಲ್ಲಿ ಕಾರ್ಡ್ ಹಾಕಿದರೆ ಸಾಕು, ಕುಣಿಗಲ್ ಮದುವೆಯ ಫೋಟೊಗಳನ್ನು ಸ್ಕ್ರಿಪ್ಟೇ ಕಾಪಿ ಮಾಡುತ್ತೆ." ವಿಭಕ್ತಿ ಸೇರಿದಾಗ ಸ್ಕ್ರಿಪ್ಟನ್ನು, ಸ್ಕ್ರಿಪ್ಟಿಗೆ, ಸ್ಕ್ರಿಪ್ಟಿನ. ಕ್ರಿಯಾಪದ ಮಾತ್ರ ಬೇರೆ: ನಾಟಕದ ಸ್ಕ್ರಿಪ್ಟನ್ನು ಓದುತ್ತೇವೆ, ಕಂಪ್ಯೂಟರಿನದನ್ನು ಓಡಿಸುತ್ತೇವೆ.