ಜನಮೇಜಯನ ಹೆಸರಿನ ತಾಮ್ರಪಟಗಳು

ಶಿವಮೊಗ್ಗ ಸೀಮೆಯ ಕೆಲವು ತಾಮ್ರಪಟಗಳ ಪ್ರಕಾರ ಅಲ್ಲಿನ ಬ್ರಾಹ್ಮಣರಿಗೆ ಭೂಮಿ ಬಿಟ್ಟುಕೊಟ್ಟವನು ಪರೀಕ್ಷಿತನ ಮಗ ಜನಮೇಜಯ. ಸರ್ಪಯಾಗ ಮಾಡಿದ ಚಕ್ರವರ್ತಿಯೇ ಕೊಟ್ಟ ದಾನ ಎಂದಮೇಲೆ ಅದನ್ನು ಪ್ರಶ್ನಿಸುವ ಧೈರ್ಯ ಯಾರಿಗಿದ್ದೀತು? ಆದರೆ ಗೌಜ ಅಗ್ರಹಾರದ ಪಟದಲ್ಲಿ ಸೂರ್ಯಗ್ರಹಣದ ಉಲ್ಲೇಖವಿದೆ. ಬ್ರಿಟನ್ನಿನ ಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿ, ಅದು 1521ರ ಏಪ್ರಿಲ್ 7ರ ಗ್ರಹಣ ಎಂದರು. ಆ ವರ್ಷವನ್ನು ಎಲ್ಲರೂ ಒಪ್ಪದಿರಬಹುದು. ಪಟ ಮಹಾಭಾರತದ ಕಾಲದ್ದಲ್ಲ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಕೂಟಶಾಸನ, ಅಂದರೆ ನಕಲಿ ಶಾಸನ, ಬರೆಸಿದವನು ದೊರೆಯ ಹೆಸರು, ವಂಶಾವಳಿ, ಮುದ್ರೆಗಳನ್ನು ಎಚ್ಚರದಿಂದ ಹೊಂದಿಸುತ್ತಾನೆ. ತನ್ನ ಕಾಲದಲ್ಲಿ ತೀರ ಸಹಜವೆನಿಸುವ ಅಕ್ಷರದ ತಿರುವು, ವಾರದ ಹೆಸರು, ಬಿರುದುಗಳ ಬಗ್ಗೆ ಅವನಿಗೆ ಅನುಮಾನವೇ ಬರುವುದಿಲ್ಲ. ಸಿಕ್ಕಿಬೀಳುವುದು ಅಲ್ಲಿಯೇ.

ಇಂಥ ಮೋಸ ಪಂಡಿತರ ಕಲ್ಪನೆಯಲ್ಲ. ಹಲಗೆಗಳನ್ನು ಬಳೆಗೆ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಲ್ಲಿ ಬೆಸೆದ ತಾಮ್ರಪಟವೇ ಅಂದು ಭೂಮಿಯ ಹಕ್ಕುಪತ್ರ. ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುತ್ತಾನೆಂಬ ಶಾಪವೂ ಅದರ ಕೊನೆಗೆ ಇರುತ್ತಿತ್ತು. ಅಷ್ಟು ಬಲವಿದ್ದ ಪತ್ರವನ್ನು ನಕಲು ಮಾಡುವ ಆಸೆ ಹುಟ್ಟದಿರುತ್ತದೆಯೇ? ಮನುಸ್ಮೃತಿ ಕೂಟಶಾಸನ ಮಾಡಿದವನಿಗೆ ಮರಣದಂಡನೆ ವಿಧಿಸುತ್ತದೆ. ಒಬ್ಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಹಳ್ಳಿಯೊಂದನ್ನು ಅನುಭವಿಸುತ್ತಿದ್ದನೆಂದೂ, ಅದನ್ನು ಮುರಿಸಿ ಹಳ್ಳಿಯನ್ನು ಬೇರೆಯವರಿಗೆ ಕೊಟ್ಟೆನೆಂದೂ ಹರ್ಷವರ್ಧನನೇ ತನ್ನ ಮಧುಬನ್ ತಾಮ್ರಪಟದಲ್ಲಿ ಹೇಳಿಕೊಂಡಿದ್ದಾನೆ.

ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಮಡಿಕೇರಿಯ ತಾಮ್ರಪಟ. ಗಂಗರ ಅವಿನೀತನ ಕಾಲದಲ್ಲಿ ತಲವನನಗರದ ಜಿನಾಲಯಕ್ಕೆ ಬದಣೆಗುಪ್ಪೆ ಹಳ್ಳಿ ಸಂದಿತೆಂದು ಅದು ಹೇಳುತ್ತದೆ. ಅದರಲ್ಲಿರುವ ವರ್ಷ 388, ಶಕವೆಂದು ಹಿಡಿದರೆ ಕ್ರಿ.ಶ. 466. ಆದರೆ ಅದರಲ್ಲಿ ಸೋಮವಾರ ಎಂದಿದೆ. ನಮ್ಮ ದೇಶದ ಶಾಸನಗಳಲ್ಲಿ ವಾರದ ಹೆಸರು ಖಚಿತವಾಗಿ ಕಾಣುವುದು 484ರ ಏರಣ್ ಶಾಸನದಿಂದ ಈಚೆಗೆ. ಅಕಾಲವರ್ಷ ಪೃಥುವೀವಲ್ಲಭ ಎಂಬ ಹೆಸರೂ ಇದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟರ ಬಿರುದು, ಅವರ ಆಳ್ವಿಕೆ ಶುರುವಾದದ್ದೇ ಎಂಟನೆಯ ಶತಮಾನದಲ್ಲಿ. ಮೂಲ ಪಟ ಸವೆದುಹೋಗಿ, ಭಕ್ತಿಯಿಂದಲೇ ಪ್ರತಿ ಮಾಡಿಸಿರಬಹುದಲ್ಲವೇ ಎಂಬ ವಾದವುಂಟು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಹಾಗೆ ಪ್ರತಿ ಮಾಡಿದವನು ಅಕ್ಷರಗಳನ್ನು ತನ್ನ ಕಾಲದ ರೂಪದಲ್ಲಿ ಬರೆಯುವುದು ಸಹಜ. ಆದರೆ ಮುಂದಿನ ವಂಶವೊಂದರ ಬಿರುದು ಹಳೆಯ ಮೂಲದಲ್ಲಿ ಇರಲು ಸಾಧ್ಯವಿಲ್ಲ. ಒಳಗೆ ಹಳೆಯ ದಾನವೊಂದರ ನೆನಪು ಉಳಿದಿದ್ದರೂ ಈ ಪಟದ ಕಾಲಕ್ಕೆ ಇದೇ ಪಟ ಸಾಕ್ಷಿಯಾಗಲಾರದು.

ಎಲ್ಲದರಲ್ಲೂ ಮೋಸ ಕಾಣುವ ಕಣ್ಣೂ ತಪ್ಪು ಮಾಡಬಹುದು ಎಂಬ ಆಕ್ಷೇಪ ಇನ್ನೂ ತೂಕದ್ದು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ 1901ರಲ್ಲಿ ಕೂಟಶಾಸನಗಳ ಉದ್ದನೆಯ ಪಟ್ಟಿ ಪ್ರಕಟಿಸಿದರು. ಗಂಗರ ಆರಂಭಕಾಲದ ಪಟಗಳನ್ನು ಅವರು ನಂಬಲಿಲ್ಲ, ಮೈಸೂರಿನ ಬಿ.ಎಲ್. ರೈಸ್ ಅವುಗಳ ಪರ ವಾದಿಸಿದರು. ಆಮೇಲೆ ಪೆನುಕೊಂಡದಲ್ಲಿ ಗಂಗ ಮಾಧವನ ಪಟ ಸಿಕ್ಕಿತು. ಅಕ್ಷರಗಳ ಆಧಾರದ ಮೇಲೆ ಅದು ಐದನೆಯ ಶತಮಾನದ್ದೇ ಎಂದು ಫ್ಲೀಟ್ ಒಪ್ಪಿದರು. ಹಲವು ಪಟಗಳನ್ನು ತಳ್ಳಿಹಾಕಲು ಬಳಸಿದ ಪರೀಕ್ಷೆಯೇ ಈ ಪಟವನ್ನು ಉಳಿಸಿತು. ಅಷ್ಟು ವರ್ಷ ಹಿಡಿದ ಪಟ್ಟನ್ನು ಸಾಕ್ಷ್ಯ ಕಂಡೊಡನೆ ಸಡಿಲಿಸಿದ ಆ ಪ್ರಾಮಾಣಿಕತೆ ನನಗೆ ಅವರ ಪಟ್ಟಿಗಿಂತ ದೊಡ್ಡದಾಗಿ ಕಾಣುತ್ತದೆ. ತಲಕಾಡಿನ ಗಂಗರ ಮೊದಲ ದೊರೆಗಳಿಗೆ ಇತಿಹಾಸದಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು ಹೀಗೆ.